ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ ದಿನಗಟ್ಟಲೆ ಕಂಪೈಲ್ ಮಾಡುತ್ತ ಕೂರಬೇಕೇ?

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಗುಜರಿಗೆ ಹಾಕುವುದೋ, ಲಿನಕ್ಸ್ ಹಾಕಿ ನೋಡುವುದೋ ಎಂಬ ಪ್ರಶ್ನೆ ಮನೆ, ಅಂಗಡಿ, ಶಾಲೆಗಳಲ್ಲೆಲ್ಲ ಎದ್ದಿದೆ. ಪ್ರಶ್ನೆ ಇದ್ದಲ್ಲಿ ಸಲಹೆಗಳಿಗೇನು ಬರ? ವಾಟ್ಸ್‌ಆಪ್ ಗುಂಪುಗಳಲ್ಲಿ ಈ ವಿಷಯ ಬಂದಾಗ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು: "ಲಿನಕ್ಸ್‌ನಲ್ಲಿ ಎಲ್ಲವನ್ನೂ ನಾವೇ ಕಂಪೈಲ್ ಮಾಡಿಕೊಳ್ಳಬೇಕು, ಹಳೇ ಕಂಪ್ಯೂಟರಿನಲ್ಲಿ ಅದಕ್ಕೆ ದಿನಗಟ್ಟಲೆ ಬೇಕು, ಸುಮ್ಮನೆ ತೊಂದರೆ." ಇನ್ನೊಂದು ಇದಕ್ಕೆ ತದ್ವಿರುದ್ಧ: "ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ ಹಾಕಿಕೊಂಡರೆ ಹಳೇ ಯಂತ್ರವೂ ಹೊಸದರಂತೆ ಓಡುತ್ತದೆ."

ಎರಡೂ ಪೂರ್ತಿ ಸುಳ್ಳಲ್ಲ, ಎರಡೂ ಪೂರ್ತಿ ನಿಜವೂ ಅಲ್ಲ. ತಂತ್ರಾಂಶವನ್ನು ತಯಾರಿಸುವುದು ಒಂದು ಕೆಲಸ, ಅದನ್ನು ಓಡಿಸುವುದು ಇನ್ನೊಂದು ಕೆಲಸ. ಇವೆರಡೂ ಒಂದೇ ಯಂತ್ರದಲ್ಲಿ ನಡೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಗೊಂದಲವೆಲ್ಲ ಹುಟ್ಟುವುದು ಇವನ್ನು ಬೆರೆಸಿದಾಗ.

ರಾಗಿ ಬೀಸುವುದು, ಮುದ್ದೆ ಮಾಡುವುದು

ಪ್ರೋಗ್ರಾಮರ್ ಬರೆಯುವ ಸೋರ್ಸ್ ಕೋಡ್ ಮನುಷ್ಯರು ಓದಬಹುದಾದ ಪಠ್ಯ. ಸಿ, ಸಿ ಪ್ಲಸ್ ಪ್ಲಸ್, ರಸ್ಟ್‌ನಂತಹ ಭಾಷೆಗಳಲ್ಲಿ ಬರೆದದ್ದನ್ನು ಪ್ರೊಸೆಸರ್ ನೇರವಾಗಿ ಅರ್ಥಮಾಡಿಕೊಳ್ಳಲಾರದು. ಅದನ್ನು ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳಾಗಿ ಬದಲಿಸುವ ಕೆಲಸವೇ ಕಂಪೈಲ್ ಮಾಡುವುದು, ಆ ಕೆಲಸ ಮಾಡುವ ತಂತ್ರಾಂಶವೇ ಕಂಪೈಲರ್. ರಾಗಿಯನ್ನು ಬೀಸಿ ಹಿಟ್ಟು ಮಾಡಿದಂತೆ ಎನ್ನಿ. ಹಿಟ್ಟು ಸಿದ್ಧವಾದ ಮೇಲೆ ಮುದ್ದೆ ಮಾಡಲು ಸಣ್ಣ ಒಲೆ ಸಾಕು. ಆದರೆ ಒಂದು ಮೂಟೆ ರಾಗಿಯನ್ನು ಮನೆಯ ಬೀಸುವ ಕಲ್ಲಿನಲ್ಲೇ ಬೀಸುತ್ತೇನೆ ಎಂದು ಹೊರಟರೆ ರಟ್ಟೆ ಬಿದ್ದುಹೋಗುತ್ತದೆ. ಅದಕ್ಕೇ ಊರಿಗೊಂದು ಗಿರಣಿ ಇರುವುದು.

ಬೀಸುವ ಕೆಲಸ ಇಷ್ಟು ಭಾರವಾಗುವುದೇಕೆ? ಲಿನಕ್ಸ್‌ನ ಹೃದಯಭಾಗವಾದ ಕರ್ನಲ್‌ನ ಸೋರ್ಸ್ ಕೋಡ್‌ನಲ್ಲಿ ಇವತ್ತು 3 ಕೋಟಿಗೂ ಹೆಚ್ಚು ಸಾಲುಗಳಿವೆ. ಎಲ್ಲವನ್ನೂ ಒಂದೇ ಯಂತ್ರಕ್ಕಾಗಿ ಕಂಪೈಲ್ ಮಾಡಬೇಕಿಲ್ಲ ನಿಜ, ಬೇಕಾದ ಭಾಗವೇ ಸಾಕಷ್ಟು ದೊಡ್ಡದು. ಕಂಪೈಲರ್ ಪ್ರತಿ ಸಾಲನ್ನು ಓದಿ, ತಪ್ಪು ಹುಡುಕಿ, ಇದನ್ನೇ ಇನ್ನೂ ಚುರುಕಾಗಿ ಮಾಡಲು ಬೇರೆ ದಾರಿ ಇದೆಯೇ ಎಂದು ಲೆಕ್ಕ ಹಾಕುತ್ತ ಹೋಗುತ್ತದೆ. ಕೊನೆಗೆ ಸಾವಿರಾರು ತುಣುಕುಗಳನ್ನು ಜೋಡಿಸಿ ಒಂದು ಫೈಲ್ ಮಾಡುವ ಹಂತ ಬರುತ್ತದೆ. ಇದಕ್ಕೆ ಲಿಂಕಿಂಗ್ ಎಂದು ಹೆಸರು. ಬ್ರೌಸರ್‌ನಂತಹ ದೊಡ್ಡ ತಂತ್ರಾಂಶದ ವಿಷಯದಲ್ಲಿ ಈ ಹಂತವೊಂದೇ ಹಲವು ಜಿಬಿ ಮೆಮೊರಿ ಬೇಡುತ್ತದೆ. 1 ಜಿಬಿ ಮೆಮೊರಿಯ ಯಂತ್ರದಲ್ಲಿ ಇದನ್ನು ಮಾಡಹೊರಟರೆ ಅದು ಡಿಸ್ಕನ್ನೇ ಮೆಮೊರಿಯಂತೆ ಬಳಸಲು ಒದ್ದಾಡುತ್ತದೆ, ಅಥವಾ ಅರ್ಧದಲ್ಲೇ ಕೈಚೆಲ್ಲುತ್ತದೆ. ಮೆಮೊರಿ ಕಾರ್ಡ್‌ನಿಂದ ನಡೆಯುವ ಪುಟ್ಟ ಬೋರ್ಡ್‌ಗಳಲ್ಲಂತೂ ಇಂತಹ ಒದ್ದಾಟ ಕಾರ್ಡಿನ ಆಯಸ್ಸನ್ನೇ ತಿನ್ನುತ್ತದೆ.

ನಿಮ್ಮ ಫೋನನ್ನೇ ನೋಡಿ

ಇದು ಪರಿಣತರ ವಿಷಯ, ನಮಗೇಕೆ ಎನಿಸಿದರೆ ಈಗ ನೀವು ಕೈಲಿ ಹಿಡಿದಿರುವ ಫೋನನ್ನು ಒಮ್ಮೆ ನೆನೆಯಿರಿ. ಅದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರೊಳಗಿರುವುದು ಲಿನಕ್ಸ್ ಕರ್ನಲ್. ಅಂದರೆ ದೊಡ್ಡ ಕಂಪ್ಯೂಟರುಗಳ ಪಕ್ಕದಲ್ಲಿ ಅದೂ ಒಂದು ನಿಧಾನದ ಲಿನಕ್ಸ್ ಯಂತ್ರವೇ! ಅದರ ಆಪರೇಟಿಂಗ್ ಸಿಸ್ಟಮ್ ಫೋನಿನಲ್ಲಿ ತಯಾರಾದದ್ದಲ್ಲ. ಆಂಡ್ರಾಯ್ಡ್‌ನ ಮುಕ್ತ ಆವೃತ್ತಿಯನ್ನು ಕಂಪೈಲ್ ಮಾಡಲು 64 ಜಿಬಿ ಮೆಮೊರಿ, 400 ಜಿಬಿ ಖಾಲಿ ಜಾಗ ಇರಲಿ ಎಂದು ಗೂಗಲ್‌ನ ಕೈಪಿಡಿ ಹೇಳುತ್ತದೆ. 72 ಕೋರ್‌ಗಳ ಯಂತ್ರದಲ್ಲಿ ಈ ಕೆಲಸಕ್ಕೆ ಸುಮಾರು 40 ನಿಮಿಷ, 6 ಕೋರ್‌ಗಳ ಹಳೆಯ ಯಂತ್ರದಲ್ಲಿ ಸುಮಾರು 6 ಗಂಟೆ ಹಿಡಿಯುತ್ತದೆ ಎಂಬ ಲೆಕ್ಕವೂ ಅಲ್ಲಿದೆ. 4 ಜಿಬಿ ಮೆಮೊರಿಯ ಫೋನಿಗೆ ಈ ಕೆಲಸ ಕೊಟ್ಟರೆ ಏನಾದೀತು, ನೀವೇ ಊಹಿಸಿ. ಆದರೂ ಅದೇ ಫೋನ್ ಅದೇ ಆಂಡ್ರಾಯ್ಡನ್ನು ಆರಾಮವಾಗಿ ಓಡಿಸುತ್ತದೆ.

ಹಾಗೆಂದು ಫೋನ್ ಏನನ್ನೂ ಕಂಪೈಲ್ ಮಾಡುವುದಿಲ್ಲ ಎಂದಲ್ಲ. ಹೊಸ ಅಪ್‌ಡೇಟ್ ಬಂದಾಗ "ಆಪ್‌ಗಳನ್ನು ಆಪ್ಟಿಮೈಸ್ ಮಾಡಲಾಗುತ್ತಿದೆ" ಎಂಬ ಸಂದೇಶ ನೋಡಿದ್ದೀರಲ್ಲ, ಅದು ಅರ್ಧ ಬೀಸಿದ ಹಿಟ್ಟನ್ನು ಫೋನ್ ತನಗೆ ಬೇಕಾದ ಹದಕ್ಕೆ ನುಣ್ಣಗೆ ಮಾಡಿಕೊಳ್ಳುವ ಹೊತ್ತು. ಆಂಡ್ರಾಯ್ಡ್ 7ರಿಂದ ಈಚೆಗೆ ಈ ಕೆಲಸದ ಬಹುಪಾಲನ್ನು ಫೋನ್ ಚಾರ್ಜಿಗಿದ್ದು ಸುಮ್ಮನಿರುವಾಗ ಮಾಡಿಕೊಳ್ಳುವ ವ್ಯವಸ್ಥೆ ಬಂತು.

ದೊಡ್ಡ ಯಂತ್ರದಲ್ಲಿ ತಯಾರಿಸಿ ಸಣ್ಣದರಲ್ಲಿ ಓಡಿಸುವುದು ಹೊಸ ಉಪಾಯವೂ ಅಲ್ಲ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದ್ದು ಹಾರ್ವರ್ಡ್‌ನಲ್ಲಿದ್ದ ಪಿಡಿಪಿ-10 ಎಂಬ ದೊಡ್ಡ ಯಂತ್ರದಲ್ಲಿ. ಆಲ್ಟೇರ್‌ನ ಪ್ರೊಸೆಸರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅನುಕರಿಸುವ ಪ್ರೋಗ್ರಾಮನ್ನು ಆಲೆನ್ ಮೊದಲು ಬರೆದರು. ಆಮೇಲೆ ಬೇಸಿಕ್ ತುಂಬಿದ ಕಾಗದದ ಟೇಪ್ ಹಿಡಿದು ವಿಮಾನ ಹತ್ತಿದರು. ನಿಜವಾದ ಆಲ್ಟೇರ್ ಮೇಲೆ ಅದು ಓಡಿದ್ದು ಅಲ್ಲಿಗೆ ತಲುಪಿದ ಮೇಲೇ! ಮಂಗಳನ ಮೇಲೆ 2021ರಲ್ಲಿ ಹಾರಿದ ಇಂಜೆನ್ಯೂಯಿಟಿ ಹೆಲಿಕಾಪ್ಟರ್‌ನಲ್ಲೂ ಲಿನಕ್ಸ್ ಇತ್ತು. ಅದರ ಸ್ನ್ಯಾಪ್‌ಡ್ರಾಗನ್ 801 ಪ್ರೊಸೆಸರ್ 2014ರ ಸುಮಾರಿನ ಫೋನುಗಳಲ್ಲಿ ಇದ್ದಂಥದ್ದೇ. ಮಂಗಳನ ಮೇಲೆ ಕೂತು ಕಂಪೈಲ್ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಗಿರಣಿ ಬೇರೆ, ಹದ ನಮ್ಮದು

ಒಂದು ಯಂತ್ರದಲ್ಲಿ ಕುಳಿತು ಬೇರೆ ಬಗೆಯ ಯಂತ್ರಕ್ಕಾಗಿ ಕಂಪೈಲ್ ಮಾಡುವುದನ್ನು ಕ್ರಾಸ್ ಕಂಪೈಲ್ ಎನ್ನುತ್ತಾರೆ. ಕೇಳಲು ಸುಲಭ. ಆದರೆ ಕಷ್ಟವೆಲ್ಲ ಹೊಂದಾಣಿಕೆಯಲ್ಲಿದೆ.

ಮೊದಲನೆಯದು ಪ್ರೊಸೆಸರಿನ ಭಾಷೆ. ಮನೆಯ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್ ಇರುತ್ತದೆ. ಫೋನುಗಳಲ್ಲೂ ರಾಸ್‌ಬೆರಿ ಪೈನಂತಹ ಪುಟ್ಟ ಬೋರ್ಡುಗಳಲ್ಲೂ ಇರುವುದು ಆರ್ಮ್ ಬಗೆಯದು. ಒಂದರ ಆದೇಶ ಇನ್ನೊಂದಕ್ಕೆ ತಿಳಿಯದು. ಇದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಎಡವುವುದು ಎರಡನೆಯದರಲ್ಲಿ: ಒಂದೇ ಮನೆತನದೊಳಗೂ ತಲೆಮಾರುಗಳಿವೆ, ಹೊಸ ತಲೆಮಾರಿನ ಪ್ರೊಸೆಸರಿಗೆ ಗೊತ್ತಿರುವ ಕೆಲವು ಆದೇಶಗಳು ಹಳೆಯದಕ್ಕೆ ಗೊತ್ತಿರುವುದಿಲ್ಲ.

ರಾಸ್‌ಬೆರಿ ಪೈನ ಕತೆಯೇ ಇದಕ್ಕೆ ಒಳ್ಳೆಯ ಉದಾಹರಣೆ. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಮೊದಲ ಪೈನಲ್ಲಿ ಇದ್ದದ್ದು 700 ಮೆಗಾಹರ್ಟ್ಸ್‌ನ ಒಂದೇ ಕೋರ್, 256 ಎಂಬಿ ಮೆಮೊರಿ. ಅದರ ಪ್ರೊಸೆಸರ್ ಆರ್ಮ್‌ನ 6ನೇ ತಲೆಮಾರಿನದು. ದಶಮಾಂಶ ಲೆಕ್ಕಗಳನ್ನು ವೇಗವಾಗಿ ಮಾಡುವ ಭಾಗ ಅದರೊಳಗಿತ್ತು. ಆದರೆ ಆ ಭಾಗವನ್ನು ಸರಿಯಾಗಿ ಬಳಸುವ ಡೆಬಿಯನ್ ಲಿನಕ್ಸ್ ಆವೃತ್ತಿ 7ನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ. 6ಕ್ಕೆ ಒಪ್ಪುವ ಆವೃತ್ತಿಯೋ ಆ ಭಾಗವನ್ನು ಬಳಸುತ್ತಿರಲಿಲ್ಲ. ಹೊಚ್ಚ ಹೊಸ ಯಂತ್ರ, ಸರಿಹೊಂದುವ ತಂತ್ರಾಂಶವೇ ಇಲ್ಲ! ಆಗ ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬ ಸ್ವಯಂಸೇವಕರು ಡೆಬಿಯನ್ ತಂತ್ರಾಂಶಗಳನ್ನೆಲ್ಲ ಪೈನ ಹದಕ್ಕೆ ಮತ್ತೆ ಕಂಪೈಲ್ ಮಾಡಲು ನಿಂತರು. ಪೈನ ಮೇಲೆ ಅದು ಮುಗಿಯುವ ಮಾತಲ್ಲ, ಹಾಗಾಗಿ ಪೈಗಿಂತ ಬಲವಾದ ಆರ್ಮ್ ಬೋರ್ಡುಗಳನ್ನು ಸಾಲಾಗಿ ಜೋಡಿಸಿಕೊಂಡರು. 2012ರ ಜೂನ್ ಹೊತ್ತಿಗೆ 35,000ಕ್ಕೂ ಹೆಚ್ಚು ಪ್ಯಾಕೇಜುಗಳು ಸಿದ್ಧವಾದವು. ರಾಸ್‌ಬಿಯನ್ ಹುಟ್ಟಿದ್ದು ಹೀಗೆ. ಮುಂದೆ ಪೈ ಕೊಂಡ ವಿದ್ಯಾರ್ಥಿಗಳು ಕಾರ್ಡ್ ಹಾಕಿ ಆನ್ ಮಾಡಿದರೆ ಸಾಕಿತ್ತು.

ಬಲವಾದ ಯಂತ್ರದಲ್ಲಿ ಕಂಪೈಲ್ ಮಾಡುವಾಗ ಇಲ್ಲೊಂದು ಹಳ್ಳವಿದೆ. ಕಂಪೈಲರಿಗೆ "ಈ ಯಂತ್ರಕ್ಕೆ ಅತ್ಯುತ್ತಮವಾದುದನ್ನು ಕೊಡು" ಎಂದು ಹೇಳುವ ನೇಟಿವ್ ಎಂಬ ಆಯ್ಕೆ ಇದೆ. ಅನೇಕರು ಎಲ್ಲೋ ಓದಿದ್ದನ್ನು ನಕಲಿಸಿ ಅದನ್ನೇ ಹಾಕಿಬಿಡುತ್ತಾರೆ. ಕಂಪೈಲರ್ ನೋಡುವುದು ತಾನು ಕೂತ ಹೊಸ ಯಂತ್ರವನ್ನು, ನಿಮ್ಮ ಹಳೆಯದನ್ನಲ್ಲ. ಫೈಲನ್ನು ಹಳೆಯ ಲ್ಯಾಪ್‌ಟಾಪಿಗೆ ತಂದು ಓಡಿಸಿದರೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ನಿಲ್ಲುತ್ತದೆ. ಕಾನೂನುಬಾಹಿರ ಎಂಬ ಪದ ಕಂಡು ಗಾಬರಿಯಾಗುವುದು ಬೇಡ, ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಈ ಆದೇಶ ನನಗೆ ಗೊತ್ತಿಲ್ಲ ಎಂದು ಪ್ರೊಸೆಸರ್ ಹೇಳುತ್ತಿದೆ, ಅಷ್ಟೇ.

ಮೂರನೆಯದು ಲೈಬ್ರರಿಗಳು. ಹೆಚ್ಚಿನ ತಂತ್ರಾಂಶಗಳು ಎಲ್ಲ ಕೆಲಸವನ್ನೂ ತಾವೇ ಮಾಡುವುದಿಲ್ಲ, ಯಂತ್ರದಲ್ಲಿರುವ ಸಾಮಾನ್ಯ ಕಡತಗಳ ನೆರವು ಕೇಳುತ್ತವೆ. ಲಿನಕ್ಸ್‌ನಲ್ಲಿ ಇವುಗಳಲ್ಲಿ ಮುಖ್ಯವಾದುದು ಜಿಲಿಬ್‌ಸಿ. ಹಳೆಯ ಜಿಲಿಬ್‌ಸಿ ಇರುವಲ್ಲಿ ಕಂಪೈಲ್ ಮಾಡಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಮೊಂಡು ಹಿಡಿಯುತ್ತದೆ. ಮೆಣಸಿನಕಾಯಿ ಬೀಸಿದ ಕಲ್ಲಿಗೇ ಸ್ವಚ್ಛ ಮಾಡದೆ ರಾಗಿ ಸುರಿದರೆ ಹಿಟ್ಟು ಖಾರವಾಗುವುದಿಲ್ಲವೇ? ಹಾಗೆಯೇ ಬಲವಾದ ಕಂಪ್ಯೂಟರಿನ ಲೈಬ್ರರಿಗಳು ಗೊತ್ತಾಗದಂತೆ ಬೆರೆತುಬಿಡುತ್ತವೆ. ಇದಕ್ಕೆ ಪರಿಹಾರವಾಗಿ ದೊಡ್ಡ ಯಂತ್ರದೊಳಗೇ ಹಳೆಯ ಯಂತ್ರದಲ್ಲಿರುವ ಆವೃತ್ತಿಯ ಲಿನಕ್ಸನ್ನು ಒಂದು ಪ್ರತ್ಯೇಕ ಕೋಣೆಯಂತೆ ಕಟ್ಟಿ, ಅದರೊಳಗೆ ಕಂಪೈಲ್ ಮಾಡುತ್ತಾರೆ. ಕಂಟೇನರ್ ಎಂಬ ಮಾತು ಕೇಳಿದ್ದರೆ, ಅದು ಇಂಥದ್ದೇ. ನನ್ನ ಮಟ್ಟಿಗೆ ಎರಡೂ ಯಂತ್ರಗಳು ಇಂಟೆಲ್ ಬಗೆಯವೇ ಆಗಿದ್ದರೆ ಇದಕ್ಕಿಂತ ಸರಳವಾದ ದಾರಿ ಬೇರೆ ಇಲ್ಲ.

ಪ್ರೊಸೆಸರ್ ಬೇರೆ ಬಗೆಯದಾದರೆ ಕ್ರಾಸ್ ಕಂಪೈಲರ್ ಬೇಕು, ಅಥವಾ ಕ್ಯೂಎಮು ಎಂಬ ಅನುಕರಣೆಯ ತಂತ್ರಾಂಶ ಬಳಸಬೇಕು. ಪಾಲ್ ಆಲೆನ್ ಮಾಡಿದ ಉಪಾಯದ ಮೊಮ್ಮಗು ಇದು. ನಿಧಾನ, ಆದರೆ ತಲೆನೋವು ಕಡಿಮೆ. ಡಿಸ್ಟ್‌ಸಿಸಿ ಎಂಬ ಇನ್ನೊಂದು ಸಾಧನ ಕೆಲಸವನ್ನು ತುಂಡು ಮಾಡಿ ಮನೆಯ ಜಾಲದಲ್ಲಿರುವ ಬೇರೆ ಕಂಪ್ಯೂಟರುಗಳಿಗೆ ಹಂಚುತ್ತದೆ. ಎಲ್ಲ ಭಾರವನ್ನೂ ಅದು ಇಳಿಸುತ್ತದೆ ಎಂದುಕೊಂಡವರಿಗೆ ಒಂದು ಮಾತು: ಕೊನೆಯ ಜೋಡಣೆ ನಡೆಯುವುದು ನಿಧಾನದ ಯಂತ್ರದಲ್ಲೇ, ಮೆಮೊರಿ ತಿನ್ನುವ ಹಂತವೂ ಅದೇ.

ಇಷ್ಟೆಲ್ಲ ನಿಮಗೆ ಬೇಕೇ?

ಬಹುತೇಕರಿಗೆ ಬೇಡ. ಡೆಬಿಯನ್, ಉಬುಂಟು, ಮಿಂಟ್‌ನಂತಹ ಲಿನಕ್ಸ್ ಆವೃತ್ತಿಗಳು ಸಾವಿರಾರು ತಂತ್ರಾಂಶಗಳನ್ನು ತಮ್ಮದೇ ಸರ್ವರುಗಳಲ್ಲಿ ಕಂಪೈಲ್ ಮಾಡಿ ಇಟ್ಟಿರುತ್ತವೆ. ನೀವು ಇನ್‌ಸ್ಟಾಲ್ ಒತ್ತಿದಾಗ ಬರುವುದು ಸಿದ್ಧ ಹಿಟ್ಟು. ಎಲ್ಲವನ್ನೂ ಮನೆಯಲ್ಲೇ ಕಂಪೈಲ್ ಮಾಡುವುದಕ್ಕೆ ಹೆಸರಾದ ಜೆಂಟೂ ಲಿನಕ್ಸ್ ಕೂಡ 2023ರ ಡಿಸೆಂಬರ್ ಕೊನೆಯಲ್ಲಿ ಸಿದ್ಧ ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡಲು ಶುರುಮಾಡಿತು. ಹಾಗಾಗಿ ಮೊದಲ ವಾಟ್ಸ್‌ಆಪ್ ಮಾತು ಇಲ್ಲಿಗೆ ಬಿದ್ದುಹೋಯಿತು. ವಿಶೇಷ ಡ್ರೈವರ್, ಆವೃತ್ತಿಯಲ್ಲಿಲ್ಲದ ತಂತ್ರಾಂಶ, ಅಪರೂಪದ ಬೋರ್ಡ್ ಎದುರಾದಾಗ ಮಾತ್ರ ಕಂಪೈಲ್ ಮಾಡುವ ಪ್ರಶ್ನೆ ಬರುತ್ತದೆ.

ಎರಡನೆಯ ಮಾತು? ಪ್ರೊಸೆಸರಿಗೆ ಹೊಂದಿಸಿ ಕಂಪೈಲ್ ಮಾಡಿದರೆ ವಿಡಿಯೋ ಪರಿವರ್ತನೆ, ಚಿತ್ರ ಸಂಸ್ಕರಣೆಯಂತಹ ಲೆಕ್ಕದ ಕೆಲಸಗಳಲ್ಲಿ ಲಾಭ ಕಾಣಬಹುದು. ಆದರೆ ಹಳೆಯ ಲ್ಯಾಪ್‌ಟಾಪ್ ತೆವಳುವುದು ಹೆಚ್ಚಾಗಿ ಮೆಮೊರಿ ಸಾಲದೆ, ಇಲ್ಲವೇ ತಿರುಗುವ ಹಾರ್ಡ್‌ಡಿಸ್ಕ್‌ನಿಂದ. ಒಂದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ಚುರುಕುತನ ಮೂರು ದಿನ ಕಂಪೈಲ್ ಮಾಡಿದರೂ ಸಿಗದು.

ಗಿರಣಿಯವನು ಯಾರು?

ಬೇರೆಯವರು ಬೀಸಿದ ಹಿಟ್ಟು ತರುವಾಗ ಕಲಬೆರಕೆಯ ಭಯ ಇದ್ದೇ ಇರುತ್ತದೆ. ಕಂಪೈಲ್ ಆದ ಫೈಲನ್ನು ತೆರೆದು ಓದಿ ಒಳಗೇನಿದೆ ಎಂದು ನೋಡುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನು ತೋರಿಸಿಕೊಟ್ಟರು: ಕಂಪೈಲರನ್ನೇ ಕೆಡಿಸಿಟ್ಟರೆ, ಸೋರ್ಸ್ ಕೋಡ್ ಎಷ್ಟೇ ಶುದ್ಧವಾಗಿದ್ದರೂ ಹೊರಬರುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಇರಬಹುದು. ಇದು ಬರೀ ಪಾಠದ ಮಾತಾಗಿ ಉಳಿಯಲಿಲ್ಲ. 2015ರಲ್ಲಿ ಚೀನಾದ ಹಲವು ಡೆವಲಪರ್‌ಗಳು ಆ್ಯಪಲ್‌ನ ಎಕ್ಸ್‌ಕೋಡ್ ಸಾಧನದ ಅಧಿಕೃತ ಡೌನ್‌ಲೋಡ್ ನಿಧಾನವೆಂದು ಬೇರೆ ತಾಣದಿಂದ ಇಳಿಸಿಕೊಂಡರು. ಆ ಪ್ರತಿಯನ್ನು ಯಾರೋ ತಿದ್ದಿದ್ದರು. ಪ್ರಾಮಾಣಿಕರು ಬರೆದ ಆಪ್‌ಗಳೊಳಗೆ ಅವರಿಗೇ ಗೊತ್ತಿಲ್ಲದೆ ಕೆಟ್ಟ ಕೋಡ್ ಸೇರಿಕೊಂಡು ಐಫೋನುಗಳನ್ನು ತಲುಪಿತು.

ಇದಕ್ಕೆ ಉತ್ತರವಾಗಿ ಡೆಬಿಯನ್ ಮೊದಲಾದ ಯೋಜನೆಗಳು ಒಂದು ಶಿಸ್ತನ್ನು ರೂಢಿಸುತ್ತಿವೆ. ಒಂದೇ ಸೋರ್ಸ್ ಕೋಡನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಜನ ಕಂಪೈಲ್ ಮಾಡಿದರೂ ಫಲಿತಾಂಶ ಒಂದು ಬಿಟ್ ಕೂಡ ಬದಲಾಗದೆ ಒಂದೇ ಆಗಿರಬೇಕು. ಕೇಳಿದಷ್ಟು ಸುಲಭವಲ್ಲ. ಕಂಪೈಲ್ ಮಾಡಿದ ದಿನಾಂಕ, ಫೋಲ್ಡರಿನ ಹೆಸರು ಒಳಗೆ ನುಸುಳಿದರೂ ಫೈಲ್ ಬದಲಾಗುತ್ತದೆ. ಆದರೆ ಸಾಧ್ಯವಾದಾಗ ಒಂದು ಗಿರಣಿಯ ಕಲಬೆರಕೆಯನ್ನು ಇನ್ನೊಂದು ಗಿರಣಿ ಬಯಲು ಮಾಡಬಲ್ಲದು.

ಫೋನಿನಲ್ಲಿ ಬರುವ ಎಪಿಕೆ ಫೈಲ್ ಕೂಡ ಯಾರೋ ಎಲ್ಲೋ ಕಂಪೈಲ್ ಮಾಡಿದ್ದೇ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರು ಹೊತ್ತು ವಾಟ್ಸ್‌ಆಪ್‌ನಲ್ಲಿ ಬರುವ ಎಪಿಕೆಗಳಿಂದ ಜನ ಹಣ ಕಳೆದುಕೊಂಡ ಸುದ್ದಿ ನೀವೂ ಓದಿರುತ್ತೀರಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಅದನ್ನು ಇನ್‌ಸ್ಟಾಲ್ ಮಾಡಬೇಕಾಗಿ ಬರುವುದೇ ಇಲ್ಲ.

ಬೀಸುವವರೇ ಇಲ್ಲದಾದಾಗ

ಹಳೆಯ ಯಂತ್ರ ನಿಜವಾಗಿ ಮುದಿಯಾಗುವುದು ನಿಧಾನವಾದಾಗ ಅಲ್ಲ, ಅದಕ್ಕಾಗಿ ಕಂಪೈಲ್ ಮಾಡುವವರು ನಿಂತಾಗ. 32 ಬಿಟ್ ಪ್ರೊಸೆಸರುಗಳ ಪಾಡು ಈಗ ಇದೇ. ಗೂಗಲ್ 32 ಬಿಟ್ ಲಿನಕ್ಸ್‌ಗೆ ಕ್ರೋಮ್ ಕೊಡುವುದನ್ನು 2016ರಲ್ಲೇ ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇಂಟೆಲ್ ಯಂತ್ರಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ ಕೂಡ ಇಲ್ಲ. ಅಂತಹ ಯಂತ್ರವಿದ್ದವರು 12ನೇ ಆವೃತ್ತಿಯಲ್ಲೇ ಉಳಿಯಬೇಕು, ಇಲ್ಲವೇ ಬಲವಾದ ಕಂಪ್ಯೂಟರ್ ಇರುವ ಆಸಕ್ತರು ತಾವೇ ಕಂಪೈಲ್ ಮಾಡಿ ಹಂಚಬೇಕು. ಹಳೆಯ ಯಂತ್ರಗಳಿಗೆಂದೇ ಇರುವ ಕೆಲವು ಪುಟ್ಟ ಲಿನಕ್ಸ್ ಆವೃತ್ತಿಗಳು ನಡೆಯುತ್ತಿರುವುದು ಇಂಥವರಿಂದಲೇ.

ನಿಮ್ಮದು 32 ಬಿಟ್ ಎಂದು ಅಂಗಡಿಯವರು ಹೇಳಿದರೂ ಒಮ್ಮೆ ಪರೀಕ್ಷಿಸಿ. 64 ಬಿಟ್ ಪ್ರೊಸೆಸರ್ ಇದ್ದರೂ ಅದರ ಮೇಲೆ 32 ಬಿಟ್ ವಿಂಡೋಸ್ ಹಾಕಿಕೊಟ್ಟ ಎಷ್ಟೋ ಕಂಪ್ಯೂಟರುಗಳು ಇವೆ. 32 ಬಿಟ್ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಅದನ್ನು ಆನ್ ಮಾಡಿ, ಟರ್ಮಿನಲ್‌ನಲ್ಲಿ ಎಲ್, ಎಸ್, ಸಿ, ಪಿ, ಯು ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಸಣ್ಣಕ್ಷರದಲ್ಲಿ ಬರೆದು ಎಂಟರ್ ಒತ್ತಿ. ಆಪ್-ಮೋಡ್ ಎಂಬ ಸಾಲಿನಲ್ಲಿ 64 ಬಿಟ್ ಎಂದೂ ಕಂಡರೆ ಇವತ್ತಿನ ಡೆಬಿಯನ್ ನಿಮ್ಮ ಯಂತ್ರಕ್ಕೂ ಸಿದ್ಧವಾಗಿಯೇ ಇದೆ.